ಬಡಿಸುವ ಕೈಗೆ ಒಂದು ಸಂಜೆ ರಜೆ

ಮುಂಬೈಯ ಹೊರವಲಯದ ಟಿಟ್ವಾಳಾಕ್ಕೂ ಮದುವೆಗೂ ಹಳೆಯ ನಂಟು. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಸಾಕು, ರಿಕ್ಷಾದವರು ‘ಗಣಪತಿ, ಗಣಪತಿ’ ಎಂದು ಕೂಗುತ್ತ, ಬಂದವರನ್ನು ಒತ್ತೊತ್ತಾಗಿ ಕೂರಿಸಿಕೊಂಡು ಮಹಾಗಣಪತಿ ದೇವಸ್ಥಾನದ ದಾರಿ ಹಿಡಿಯುತ್ತಾರೆ. ಆ ರಿಕ್ಷಾಗಳಲ್ಲಿ ಯಾರಿದ್ದಾರೆಂದು ಸ್ವಲ್ಪ ನೋಡಿ. ಮಗಳ ಜಾತಕವನ್ನು ಕೈಚೀಲದೊಳಗಿಟ್ಟುಕೊಂಡ ತಾಯಂದಿರು, ಮನೆಯಲ್ಲಿ ಇನ್ನೂ ಬಾಯಿ ಬಿಡದ ಕಾಲೇಜಿನ ಜೋಡಿಗಳು, ಕೈಯ ಮದರಂಗಿ ಮಾಸದ ಹೊಸ ದಂಪತಿ. ಇಲ್ಲಿಯ ಗಣಪತಿಗೆ ವಿವಾಹ ವಿನಾಯಕ ಎಂಬ ಇನ್ನೊಂದು ಹೆಸರಿದೆ. ಸಂಬಂಧ ಕೂಡಿಬಾರದವರಿಗೆ ಕೂಡಿಸಿಕೊಡುವುದು, ಮುನಿಸಿಕೊಂಡು ದೂರವಾದ ಗಂಡಹೆಂಡಿರನ್ನು ಮತ್ತೆ ಒಂದು ಮಾಡುವುದು ಅವನ ಖಾತೆ ಎಂಬುದು ಜನರ ನಂಬಿಕೆ.

ನಂಬಿಕೆಯ ಬೇರು ಶಕುಂತಲೆಯಲ್ಲಿದೆ. ಕಣ್ವರ ಆಶ್ರಮ ಇಲ್ಲೇ ಇತ್ತು, ದುಷ್ಯಂತ ಮರೆತ ಮೇಲೆ ಕಂಗೆಟ್ಟ ಸಾಕುಮಗಳಿಗೆ ಗಣಪತಿಯನ್ನು ಪೂಜಿಸು ಎಂದು ಕಣ್ವರು ಹೇಳಿದರು, ಅವಳು ಪ್ರತಿಷ್ಠಾಪಿಸಿದ ಮೂರ್ತಿಯೇ ಇದು ಎನ್ನುತ್ತದೆ ಸ್ಥಳಪುರಾಣ. ಮುಂದೆ ದೇವಸ್ಥಾನ ಕೆರೆಯಲ್ಲಿ ಮುಳುಗಿತು, ಪೇಶ್ವೆ ಮಾಧವರಾಯನ ಕಾಲದಲ್ಲಿ ಕೆರೆಯ ಹೂಳೆತ್ತುವಾಗ ಮೂರ್ತಿ ಮತ್ತೆ ಕಂಡಿತು ಎಂಬುದು ಆ ಕಥೆಯ ಉತ್ತರಾರ್ಧ. ಕಣ್ವಾಶ್ರಮ ತಮ್ಮಲ್ಲಿತ್ತು ಎನ್ನುವ ಊರುಗಳು ಬೇರೆಯೂ ಇವೆ. ಉತ್ತರಾಖಂಡದ ಕೋಟದ್ವಾರದವರು ಮಾಲಿನೀ ನದಿಯನ್ನೇ ತೋರಿಸುತ್ತಾರೆ. ನಮ್ಮ ರಾಮನಗರ–ಚನ್ನಪಟ್ಟಣದ ಕಡೆಗೂ ಒಂದು ಕಣ್ವ ನದಿ ಹರಿಯುತ್ತದೆ. ಟಿಟ್ವಾಳಾದ ಪಕ್ಕದಲ್ಲಿರುವುದು ಕಾಳೂ ನದಿ. ಯಾರ ವಾದ ಸರಿ ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ನನಗೆ ಬೇಕಾದದ್ದು ಆ ಕಥೆಯಲ್ಲಿ ಬರುವ ಮೀನು.

ಮಹಾಭಾರತದ ಶಕುಂತಲೆಗೆ ಉಂಗುರವೂ ಇಲ್ಲ, ಶಾಪವೂ ಇಲ್ಲ. ಎರಡನ್ನೂ ತಂದವನು ಕಾಳಿದಾಸ. ಅವನ ನಾಟಕದ ಆರನೆಯ ಅಂಕ ಶುರುವಾಗುವುದು ಅರಮನೆಯಲ್ಲಲ್ಲ, ಬೀದಿಯಲ್ಲಿ. ರಾಜಮುದ್ರೆಯ ಉಂಗುರ ಮಾರಲು ಹೋದ ಬೆಸ್ತನೊಬ್ಬನನ್ನು ಕಾವಲಿನವರು ಹಿಡಿದು ಹೊಡೆಯುತ್ತಿರುತ್ತಾರೆ. ಕದ್ದದ್ದಲ್ಲ ಸ್ವಾಮೀ, ರೋಹಿತ ಮೀನು ಸೀಳಿದಾಗ ಹೊಟ್ಟೆಯಲ್ಲಿ ಸಿಕ್ಕಿತು ಎಂದು ಅವನು ಗೋಗರೆಯುತ್ತಾನೆ. ಉಂಗುರ ಕಂಡ ರಾಜನಿಗೆ ಹೆಂಡತಿಯ ನೆನಪಾಗುತ್ತದೆ, ಬೆಸ್ತನಿಗೆ ಇನಾಮು ಸಿಗುತ್ತದೆ. ಆಮೇಲೆ ಹೊಡೆದವರೂ ಹೊಡೆಸಿಕೊಂಡವನೂ ಹೆಗಲ ಮೇಲೆ ಕೈಹಾಕಿಕೊಂಡು ಹೆಂಡದಂಗಡಿಗೆ ಹೋಗುತ್ತಾರೆ. ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಉಳಿದಿರುವುದು ದುಂಬಿ, ಜಿಂಕೆ, ಮಲ್ಲಿಗೆಯ ಬಳ್ಳಿ. ಮುರಿದ ಆ ಸಂಸಾರ ಮತ್ತೆ ಕೂಡಿದ್ದು ಮೀನಿನ ಹೊಟ್ಟೆಯಿಂದ ಎಂಬುದನ್ನು ಕರಾವಳಿಯವರು ಮಾತ್ರ ಎತ್ತಿ ಆಡುತ್ತಾರೆ. ‘ಮದುವೆಯ ವಾರ್ಷಿಕೋತ್ಸವದ ದಿನ ದೇವಸ್ಥಾನಕ್ಕೆ ಹೋಗುವುದು ಬಿಟ್ಟು ಕಡಲ ಬದಿಗೆ ಮೀನು ತಿನ್ನಲು ಹೋಗುತ್ತಾರಂತೆ’ ಎಂದು ಯಾರಾದರೂ ಮೂಗು ಮುರಿದರೆ ನಾನು ಆ ಬೆಸ್ತನನ್ನು ಸಾಕ್ಷಿಗೆ ಕರೆಯುವುದುಂಟು.

ಹಾಗೆ ಹೋಗುವವರು ಈಗ ಇಲ್ಲಿ ಕಡಿಮೆಯಿಲ್ಲ. ಕಲ್ಯಾಣ್, ಡೊಂಬಿವಲಿ, ಅಂಬರನಾಥ, ಟಿಟ್ವಾಳಾ ಸಾಲಿನಲ್ಲಿ ನೆಲೆಸಿದ ಕನ್ನಡ, ತುಳು, ಕೊಂಕಣಿ ಮಾತಿನ ಮನೆಗಳಲ್ಲಿ ಮದುವೆಯ ದಿನಕ್ಕೊಂದು ಹೊಸ ಪದ್ಧತಿ ಬಂದಿದೆ. ಬೆಳಗ್ಗೆ ಗಣಪತಿಗೆ ದೂರ್ವೆ, ಮಧ್ಯಾಹ್ನ ಮನೆಯಲ್ಲಿ ಪಾಯಸ, ಸಂಜೆ ಮಕ್ಕಳು ಹಟ ಹಿಡಿದು ಹೊರಡಿಸಿಕೊಂಡು ಹೋಗುವ ‘ಸೀ-ಫೇಸಿಂಗ್’ ಊಟ. ಇದನ್ನು ಸಿನಿಮಾದ ಪ್ರಭಾವ, ಮೊಬೈಲಿನ ಪ್ರಭಾವ ಎಂದು ತಳ್ಳಿಹಾಕುವುದು ಸುಲಭ. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವ ಗಡಿಬಿಡಿ ಅದರಲ್ಲಿ ಇಲ್ಲದೆಯೂ ಇಲ್ಲ. ಆದರೆ ಹೋಟೆಲಿನಿಂದಲೇ ಬದುಕು ಕಟ್ಟಿಕೊಂಡ ಮನೆಗಳಿಗೆ ಈ ಊಟದ ಅರ್ಥ ಬೇರೆ.

ಮುಂಬೈಗೆ ಬಂದ ನಮ್ಮವರ ಕಥೆ ಬಹುಪಾಲು ಒಂಟಿ ಗಂಡಸರ ಕಥೆ. ಮೊದಮೊದಲು ಹಡಗು ಹತ್ತಿ, ಆಮೇಲೆ ಘಟ್ಟ ಸುತ್ತಿಬರುವ ಬಸ್ಸು ಹತ್ತಿ ಬಂದ ಹುಡುಗರು ಕಪ್ಪು-ಬಸಿ ತೊಳೆಯುವಲ್ಲಿಂದ ಶುರುಮಾಡಿ, ಫಡ್ಕಾ ಹಿಡಿದು ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಅದೃಷ್ಟವಿದ್ದರೆ ಗಲ್ಲೆಯ ಮೇಲೆ ಕೂತರು. ರಾತ್ರಿ ಶಟರ್ ಎಳೆದ ಮೇಲೆ ಅದೇ ಟೇಬಲ್‌ಗಳನ್ನು ಜೋಡಿಸಿ ಮಲಗಿದರು. ಊರಿನ ಸಂಘಗಳು ಅವರನ್ನು ಕೈಬಿಡಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ರಾತ್ರಿಶಾಲೆಗಳಲ್ಲಿ ಕಲಿತು ವಕೀಲರು, ಬ್ಯಾಂಕಿನವರು ಆದವರಿದ್ದಾರೆ. ಹೆಂಡತಿಯನ್ನು ಕರೆತಂದು ಇಟ್ಟುಕೊಳ್ಳುವ ಕೋಣೆಯೊಂದು ಮಾತ್ರ ಯಾವ ಸಂಘದ ಕೈಯಲ್ಲೂ ಇರಲಿಲ್ಲ. ಮದುವೆ ಊರಲ್ಲಿ, ಸಂಸಾರ ಊರಲ್ಲಿ, ದುಡಿಮೆ ಬೊಂಬಾಯಲ್ಲಿ. ವರ್ಷಕ್ಕೊಮ್ಮೆ ರಜೆ. ಮಗು ತನ್ನ ಅಪ್ಪನನ್ನು ‘ಯಾರೋ ಬಂದಿದ್ದಾರೆ’ ಎಂದು ಅಮ್ಮನ ಸೆರಗಿನ ಹಿಂದೆ ನಿಂತು ನೋಡುತ್ತಿದ್ದ ಕಾಲ ಅದು. ಕೊಂಕಣ ರೈಲು ಪೂರ್ತಿ ಓಡಾಟಕ್ಕೆ ತೆರೆದದ್ದು 1998ರಲ್ಲಿ. ಅದೇ ವರ್ಷ ಮಂಗಳೂರು ದಾರಿಯಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಶುರುವಾದಾಗ ಊರು ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರ ಬಂತು. ಅದಕ್ಕೂ ಹಿಂದಿನವರ ಪಾಲಿಗೆ ಮದುವೆಯೆಂದರೆ ಹೆಚ್ಚಾಗಿ ಅಂಚೆಯಲ್ಲಿ ಬರುವ ಕಾಗದ, ತಿಂಗಳ ಮೊದಲ ವಾರದ ಮನಿಯಾರ್ಡರು.

ಟಿಟ್ವಾಳಾದಂಥ ಊರುಗಳು ನಮ್ಮವರ ನಕಾಶೆಗೆ ಬಂದದ್ದು ಆ ಕೋಣೆಯ ಹುಡುಕಾಟದಲ್ಲಿ. ಮಾಟುಂಗಾ ಕೈಗೆಟುಕಲಿಲ್ಲ, ಘಾಟ್ಕೋಪರ್ ಎಟುಕಲಿಲ್ಲ, ಠಾಣೆಯೂ ದುಬಾರಿಯಾಯಿತು. ಡೊಂಬಿವಲಿಯಲ್ಲಿ ಸಿಕ್ಕವರಿಗೆ ಸಿಕ್ಕಿತು. ಅಲ್ಲಿ ಕನ್ನಡಿಗರದೇ ಮಂಜುನಾಥ ವಿದ್ಯಾಲಯವೂ ಎದ್ದಿತು. ಉಳಿದವರು ಕಲ್ಯಾಣ್ ದಾಟಿ ಶಹಾಡ್, ಆಂಬಿವಲಿ ದಾಟಿ ಸಿಎಸ್‌ಎಂಟಿಯಿಂದ ಸುಮಾರು 64 ಕಿ.ಮೀ. ದೂರದ ಟಿಟ್ವಾಳಾದಲ್ಲಿ ನಿಂತರು. ರೈಲು ಇಲ್ಲಿಯ ಜನರಿಗೆ ಹೊಸದಲ್ಲ. ದೇಶದ ಮೊದಲ ಪ್ರಯಾಣಿಕ ರೈಲು 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿತು, ಮರುವರ್ಷವೇ ಹಳಿ ಕಲ್ಯಾಣ್ ಮುಟ್ಟಿತು, 1861ರ ಹೊತ್ತಿಗೆ ಕಸಾರಾ. ಆದರೂ ಟಿಟ್ವಾಳಾದಲ್ಲಿ ಮನೆ ಮಾಡುವುದೆಂದರೆ ದಿನಕ್ಕೆ ಮೂರು ಗಂಟೆ ಲೋಕಲಿನಲ್ಲಿ ನಿಲ್ಲಲು ಒಪ್ಪಿಕೊಂಡಂತೆ. ನಿಂತರು. ಹೆಂಡತಿ ಬಂದಳು, ಸ್ಟವ್ ಬಂತು, ಬಾಗಿಲಿಗೆ ಮಾವಿನ ತೋರಣ ಬಂತು. ಬೇರೆಯಾದವರನ್ನು ಕೂಡಿಸುವ ಗಣಪತಿಯ ಊರಿನಲ್ಲೇ ಇದಾಯಿತು ಎನ್ನುವುದು ಕಾಕತಾಳೀಯ. ಹಾಗೆಂದು ಇಲ್ಲಿಯ ಹಳಬರ ಮುಂದೆ ಹೇಳಿದರೆ ಒಪ್ಪುವುದಿಲ್ಲ.

ಮದುವೆಯಾದ ತಾರೀಕು ನೆನಪಿಟ್ಟುಕೊಳ್ಳುವುದೂ ಹೊಸ ಅಭ್ಯಾಸವೇ. ನಮ್ಮ ಹಿಂದಿನ ತಲೆಮಾರಿನ ಹೆಂಗಸರನ್ನು ಕೇಳಿದರೆ ‘ಪತ್ತನಾಜೆಗೆ ನಾಲ್ಕು ದಿನ ಮುಂಚೆ’, ‘ದೊಡ್ಡ ನೆರೆ ಬಂತಲ್ಲ, ಅದರ ಹಿಂದಿನ ಬೇಸಿಗೆ’ ಎನ್ನುತ್ತಿದ್ದರು. ಪತ್ತನಾಜೆ ಬರುವುದು ಮೇ ತಿಂಗಳ ಕೊನೆಯಲ್ಲಿ. ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲಕ್ಕೂ ಅಲ್ಲಿಗೆ ಗೆಜ್ಜೆ ಬಿಚ್ಚುವ ಹೊತ್ತು. ಮಳೆಗೆ ಮೊದಲು, ಬೊಂಬಾಯಿಯವರ ರಜೆ ಮುಗಿಯುವುದಕ್ಕೆ ಮೊದಲು ಮದುವೆಗಳನ್ನು ಮುಗಿಸಬೇಕು. ಅದಕ್ಕೇ ಈ ಮನೆಗಳ ಮದುವೆ ದಿನಗಳೆಲ್ಲ ಏಪ್ರಿಲ್–ಮೇ ತಿಂಗಳಿನಲ್ಲಿ ಒತ್ತಿಕೊಂಡು ಕೂತಿವೆ. ತಾರೀಕು ಬೇಕೆಂದರೆ ಕಪಾಟಿನ ಅಡಿಯಲ್ಲಿರುವ ಲಗ್ನಪತ್ರಿಕೆ ಹುಡುಕಬೇಕು. ಮುಂಬೈಯ ಬಡ ಜೋಡಿಯೊಂದು ಲಗ್ನಪತ್ರಿಕೆ ಅಚ್ಚು ಹಾಕಿಸುವ ಪಾಡನ್ನು ಜಯಂತ ಕಾಯ್ಕಿಣಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಬರೆದಿದ್ದಾರೆ. ಅದೇ ಹೆಸರಿನ ಇಂಗ್ಲಿಷ್ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಹೆಸರು ಯಾವುದು ಹಾಕಿಸುವುದು, ಯಾರ ವಿಳಾಸ ಕೊಡುವುದು ಎಂಬ ಅವರ ಚಿಂತೆ ಈ ಸಾಲಿನ ಚಾಳ್‌ಗಳಲ್ಲಿ ಸಾಕಷ್ಟು ಜನ ಅನುಭವಿಸಿದ್ದೇ.

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಒಬ್ಬರಿದ್ದಾರೆ. ನಾವೆಲ್ಲ ಅಣ್ಣ ಎನ್ನುತ್ತೇವೆ, ಅವರ ಹೆಂಡತಿಗೆ ಅತ್ತಿಗೆ. ಅಣ್ಣ ಹದಿಮೂರರ ಹರೆಯದಲ್ಲಿ ಹೋಟೆಲು ಸೇರಿ ಗಲ್ಲೆಯಿಂದ ನಿವೃತ್ತರಾದವರು. ಅವರ ಮದುವೆಗೆ ನಲವತ್ತು ತುಂಬಿದ ದಿನ ಮಗ ಜುಹೂವಿನಲ್ಲಿ ಟೇಬಲ್ ಕಾದಿರಿಸಿ, ನೆರೆಮನೆಯವರೆಂದು ನಮ್ಮನ್ನೂ ಹೊರಡಿಸಿದ. ‘ಹೋಟೆಲಿಗೆ ಹೋಪುದಾ? ನಾನಾ?’ ಎಂದು ಅಣ್ಣ ಕೇಳಿದ ಧಾಟಿ, ಭಟ್ಟರನ್ನು ಹರಕೆಗೆ ಅಡುಗೆ ಮಾಡಲು ಕರೆಯುವ ಬದಲು ಉಣ್ಣಲು ಕರೆದಂತಿತ್ತು.

ಟಿಟ್ವಾಳಾದಿಂದ ಕಡಲಿಗೆ ಹೋಗುವ ದಾರಿ ಈಗ ಮೊದಲಿನಷ್ಟು ಕಷ್ಟವಲ್ಲ. ಮುಂಚೆ ದಾದರಿನಲ್ಲಿ ಇಳಿದು, ಮೇಲ್ಸೇತುವೆಯ ನೂಕುನುಗ್ಗಲಿನಲ್ಲಿ ಪಶ್ಚಿಮ ರೈಲ್ವೆಯ ಕಡೆಗೆ ದಾಟಿ, ಮತ್ತೆ ಉತ್ತರಕ್ಕೆ ಹೋಗಬೇಕಿತ್ತು. ಸೀರೆಯ ನೆರಿಗೆ, ಮುಡಿದ ಮಲ್ಲಿಗೆ ಎರಡೂ ಅಲ್ಲೇ ಹೋಗುತ್ತಿದ್ದವು. 2014ರ ಜೂನ್‌ನಲ್ಲಿ ಘಾಟ್ಕೋಪರ್–ಅಂಧೇರಿ–ವರ್ಸೋವಾ ಮೆಟ್ರೊ ಶುರುವಾದ ಮೇಲೆ ಘಾಟ್ಕೋಪರಿನಲ್ಲಿ ಇಳಿದರೆ ಹನ್ನೊಂದು ಚಿಲ್ಲರೆ ಕಿ.ಮೀ. ತಂಪಾಗಿ ಕೂತು ಕಡಲ ಕಡೆಗೆ ಹೋಗಬಹುದು. ಡಿ.ಎನ್. ನಗರದಲ್ಲಿ ಇಳಿದು ರಿಕ್ಷಾ ಹತ್ತಿದರೆ ಜುಹೂ. ಭಾನುವಾರ ಮಾತ್ರ ಹಳಿಯ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಯಾವ ಹೊತ್ತಿಗೆ, ಯಾವ ಹಳಿಗೆ ಎಂದು ನೋಡಿಕೊಂಡೇ ಹೊರಡಬೇಕು.

ಒಂದು ಕಾಲಕ್ಕೆ ಸಮುದ್ರವೇ ಇತ್ತ ಬರುತ್ತಿತ್ತು. ಟಿಟ್ವಾಳಾದ ಕಾಳೂ ನದಿ ಉಲ್ಹಾಸ್ ನದಿಗೆ ಸೇರುತ್ತದೆ, ಉಲ್ಹಾಸ್ ಕಲ್ಯಾಣ್ ದಾಟಿ ವಸಯಿ ಖಾಡಿಯ ಮೂಲಕ ಅರಬ್ಬಿಗೆ. ಕಲ್ಯಾಣ್ ಹಳೆಯ ಬಂದರು. ಮೊದಲನೆಯ ಶತಮಾನದ ಗ್ರೀಕ್ ಕೈಪಿಡಿ ಪೆರಿಪ್ಲಸ್ ಅದನ್ನು ಕಲ್ಲಿಯೇನ ಎಂದು ಕರೆದು, ಅಲ್ಲಿಗೆ ಬಂದುಬಿಟ್ಟ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಕ್ಕೆ ಒಯ್ಯುತ್ತಾರೆ ಎಂದು ಎಚ್ಚರಿಸುತ್ತದೆ. ಇಂದು ಕಲ್ಯಾಣ್ ಸ್ಟೇಷನ್ನಿನ ಸೇತುವೆಯ ಮೇಲೆ ಬೆವರುತ್ತ ನಿಂತವರಿಗೆ ಅದು ಬಂದರಾಗಿತ್ತೆಂದರೆ ನಗು ಬರುತ್ತದೆ.

ಜುಹೂ ತಲುಪಿದಾಗ ಸೂರ್ಯ ಮುಳುಗಿಯಾಗಿತ್ತು. ಕಿಟಕಿಯ ಪಕ್ಕದ ಟೇಬಲ್. ಹೊರಗೆ ಕತ್ತಲು, ಅದರಾಚೆ ಅಲೆಯ ಬಿಳಿ ಗೆರೆ. ಅಣ್ಣ ಮೊದಲು ನೋಡಿದ್ದು ಕಡಲನ್ನಲ್ಲ, ಕಿಚನ್ನಿನ ಬಾಗಿಲನ್ನು. ಬಾಗಿಲು ಎಷ್ಟು ಸಲ ತೆರೆದುಕೊಳ್ಳುತ್ತಿದೆ, ಸಪ್ಲಾಯರ್ ಕೈಯಲ್ಲಿ ಎಷ್ಟು ಪ್ಲೇಟು, ನೀರಿನ ಗ್ಲಾಸಿನೊಳಗೆ ಬೆರಳು ಅದ್ದುತ್ತಾನೋ ಇಲ್ಲವೋ. ಒಂದು ಸುತ್ತು ನೋಡಿ ಮುಗಿಸಿ ‘ಹುಡುಗ್ರ್ ಸಾಲುದಿಲ್ಲ ಇಲ್ಲಿ’ ಎಂದರು. ಬಂದ ಹುಡುಗ ಕಾರ್ಕಳದ ಕಡೆಯವನು. ಮುಖ ನೋಡಿಯೇ ಗುರುತು ಹಿಡಿದು ‘ದಾದ ಬೋಡು ಅಣ್ಣ?’ ಎಂದ. ಕುಂದಾಪುರದವರೆಂದು ತಿಳಿದ ಕೂಡಲೇ ಕನ್ನಡಕ್ಕೆ ಹೊರಳಿದ.

ಈ ಹೋಟೆಲುಗಳ ಮೆನುವಿನಲ್ಲಿ ಕೆಲವು ಮೀನುಗಳ ಎದುರು ಬೆಲೆ ಇರುವುದಿಲ್ಲ, ‘ಎಪಿಎಸ್’ ಎಂದಿರುತ್ತದೆ. ಗಾತ್ರ ನೋಡಿ ದರ. ಹಸಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಹೆಚ್ಚಿನ ಗಿರಾಕಿಗಳು ತಿಳಿದವರ ಹಾಗೆ ತಲೆಯಾಡಿಸಿ ಕಳಿಸಿಬಿಡುತ್ತಾರೆ. ಅತ್ತಿಗೆ ತಟ್ಟೆಯನ್ನು ತನ್ನೆಡೆಗೆ ಎಳೆದುಕೊಂಡರು. ತೋರುಬೆರಳಿನಿಂದ ಪಾಪ್ಲೆಟ್ಟಿನ ಬೆನ್ನು ಒತ್ತಿ ಗುಳಿ ಬೀಳುತ್ತದೆಯೇ ನೋಡಿದರು, ಕಿವಿರು ಎತ್ತಿ ಕೆಂಪು ಪರೀಕ್ಷಿಸಿದರು, ಅಲ್ಲೇ ಬೆರಳು ಮೂಸಿದರು. ಪಕ್ಕದ ಟೇಬಲಿನ ಹುಡುಗಿಯರು ನೋಡುತ್ತಿದ್ದರು. ‘ಇದ್ ಬ್ಯಾಡ. ಅಂಜಲ್ ತಕಂಡ್ ಬಾ ಮಗಾ’ ಎಂದು ತಟ್ಟೆ ವಾಪಸು ತಳ್ಳಿದರು. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಪಾಪ್ಲೆಟ್ಟನ್ನು ರಾಜ್ಯದ ಮೀನೆಂದು ಘೋಷಿಸಿದೆ. ಬೆಳೆಯುವ ಮೊದಲೇ ಬಲೆಗೆ ಬಿದ್ದು ಅದು ಕಡಿಮೆಯಾಗುತ್ತಿರುವುದೇ ಆ ಘೋಷಣೆಗೆ ಕಾರಣ. ಅತ್ತಿಗೆ ವಾಪಸು ಕಳಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಅವರಿಗೆ ಕಿವಿರಿನ ಬಣ್ಣ ಹಿಡಿಸಲಿಲ್ಲ ಅಷ್ಟೇ.

ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಸಿಗಡಿ ಘೀ ರೋಸ್ಟ್, ಏಡಿ ಸುಕ್ಕ, ನೀರುದೋಸೆ. ಊಟ ಬಂತು. ಇಲ್ಲಿ ನೋಡಬೇಕಾದದ್ದು ಆ ಇಬ್ಬರ ಕೈಗಳನ್ನು. ಸಪ್ಲಾಯರ್ ಬಡಿಸಲು ಬಾಗಿದಾಗಲೆಲ್ಲ ಅಣ್ಣನ ಕೈ ತಾನಾಗಿಯೇ ಮುಂದೆ ಹೋಗಿ ಪಾತ್ರೆಯ ಕಿವಿ ಹಿಡಿಯುತ್ತಿತ್ತು. ಅತ್ತಿಗೆ ತನ್ನ ತಟ್ಟೆ ಖಾಲಿಯಿಟ್ಟುಕೊಂಡು ಎಲ್ಲರಿಗೂ ಬಂತಾ ಎಂದು ನೋಡುತ್ತಿದ್ದರು. ಒಬ್ಬರದು ನಲವತ್ತು ವರ್ಷ ಊರಿಗೆ ಬಡಿಸಿದ ಕೈ, ಇನ್ನೊಬ್ಬರದು ಅಷ್ಟೇ ವರ್ಷ ಮನೆಗೆ ಬಡಿಸಿದ ಕೈ. ಎರಡಕ್ಕೂ ಕೂತು ಬಡಿಸಿಕೊಂಡು ಗೊತ್ತಿಲ್ಲ. ಮದುವೆಯ ಊಟದಲ್ಲಿ ಒಂದೇ ಎಲೆಯಲ್ಲಿ ಉಂಡದ್ದು ಬಿಟ್ಟರೆ ಎದುರುಬದುರು ಕೂತು ಒಂದೇ ಹೊತ್ತಿಗೆ ಉಂಡ ಊಟಗಳು ಅವರ ಲೆಕ್ಕದಲ್ಲಿ ಕಡಿಮೆ. ಅವರು ರಾತ್ರಿ ಒಂದು ಗಂಟೆಗೆ ಬರುವವರು, ಇವರು ಮುಚ್ಚಿಟ್ಟು ಕಾಯುವವರು.

ಊಟ ಮುಗಿಯುತ್ತ ಬಂದಾಗ ಅಣ್ಣ ಖಾಲಿ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಮುಳ್ಳುಗಳನ್ನೆಲ್ಲ ಮೇಲಿನ ಪ್ಲೇಟಿಗೆ ಒತ್ತಿ, ಚಮಚಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಕಾಗದದ ಕರವಸ್ತ್ರ ತೆಗೆದುಕೊಂಡು ಟೇಬಲನ್ನು ಆ ಬದಿಯಿಂದ ಈ ಬದಿಗೆ ಒಂದೇ ಎಳೆತಕ್ಕೆ ಒರೆಸಿ, ಚೂರುಗಳನ್ನು ಇನ್ನೊಂದು ಅಂಗೈಗೆ ಹಿಡಿದರು. ‘ಹ್ವಾಯ್, ಕೂಕಣಿ. ಅದ್ ಅವ್ರ್ ಕೆಲ್ಸ’ ಎಂದರು ಅತ್ತಿಗೆ. ಅಂಗೈಯ ಚೂರು ಎಲ್ಲಿ ಹಾಕುವುದೆಂದು ಗೊತ್ತಾಗದೆ ಅಣ್ಣ ಒಂದು ಗಳಿಗೆ ಹಾಗೇ ಕೂತರು. ಆ ಹೊತ್ತಿಗೆ ಅತ್ತಿಗೆ ಕಾಣೆಯ ನಡುಮುಳ್ಳನ್ನು ಇಡಿಯಾಗಿ ಬಿಡಿಸಿ, ಬಿಳಿ ಮಾಂಸವನ್ನು ಅವರ ತಟ್ಟೆಗೆ ದಾಟಿಸುತ್ತಿದ್ದರು. ತಾನು ಮಾಡಿದ್ದು ಯಾರ ಕೆಲಸವೆಂದು ಅವರನ್ನು ಕೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಮೀನಿನ ಊಟವನ್ನು ಈ ನಗರ ಹೊರಗೆ ಕೂತು ಗೌರವದಿಂದ ಉಣ್ಣುವಂತೆ ಮಾಡಿದವರಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. ಉಡುಪಿ ಹೋಟೆಲೆಂದರೆ ಇಡ್ಲಿ-ದೋಸೆ, ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ. ಅದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಇನ್ನೊಂದು ಚರಿತ್ರೆ ಲಂಚ್ ಹೋಮುಗಳದು. ಫೋರ್ಟಿನ ಗಲ್ಲಿಗಳಲ್ಲಿ ಹಡಗುಕಟ್ಟೆ, ಬಂದರು, ಬ್ಯಾಂಕುಗಳ ನೌಕರರಿಗೆ ಮಧ್ಯಾಹ್ನ ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ ಹಾಕುತ್ತಿದ್ದ ಸಣ್ಣ ಸಣ್ಣ ಖಾನಾವಳಿಗಳು ಅವು. ಸುರು ಕರ್ಕೇರ ಅವರು 1970ರ ದಶಕದಲ್ಲಿ ಫೋರ್ಟಿನಲ್ಲಿ ತೆರೆದ ಮಹೇಶ್ ಲಂಚ್ ಹೋಮ್ ಅಂಥದ್ದೊಂದು. ಮುಂದೆ ಅದು ಜುಹೂಗೂ ಬಂತು. ಕಾಲಾ ಘೋಡಾದ ತೃಷ್ಣಾದ ಬೆಣ್ಣೆ-ಮೆಣಸು-ಬೆಳ್ಳುಳ್ಳಿ ಏಡಿ ತಿನ್ನಲು ಪರದೇಶದಿಂದ ಬರುವವರಿದ್ದಾರೆ. ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ, ಕೋಳಿಯಲ್ಲಿ. ಸಿಗಡಿಗೆ ಅದನ್ನು ಮೆತ್ತಿದ್ದು ಆಮೇಲಿನ ಜಾಣತನ. ಬ್ಯಾಡಗಿ ಮೆಣಸನ್ನು ಹುರಿದು ನುಣ್ಣಗೆ ಅರೆದು ತುಪ್ಪ ಬಿಡುವ ತನಕ ಬಾಡಿಸಬೇಕು. ಅವಸರ ಮಾಡಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಅಂದಿನದು ಅವಸರದ್ದು. ‘ಮೀನ್ ಲಾಯ್ಕ್ ಇತ್ತ್. ಮಸಾಲಿ ಹಸಿ’ ಎಂದು ಅತ್ತಿಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಕಡಲ ಮುಂದೆ ಕೂತು ಮದುವೆಯ ಮಾತಾಡುವುದು ಈ ನಗರದಲ್ಲಿ ಸಿರಿವಂತರಿಗೆ ಹಳೆಯ ಸಂಗತಿ. 1903ರಲ್ಲಿ ತೆರೆದ ತಾಜ್ ಹೋಟೆಲಿನ ಸೀ ಲೌಂಜಿನಲ್ಲಿ ಹುಡುಗ ಹುಡುಗಿಯ ಮನೆಯವರು ಚಹಾದ ನೆಪದಲ್ಲಿ ಸಂಬಂಧ ನೋಡುತ್ತಿದ್ದುದು ಮುಂಬೈಗೆಲ್ಲ ಗೊತ್ತು. ಕೆಳಗಿನ ಕಟ್ಟೆಯ ಮೇಲೆ ಕಡಲೆಕಾಯಿ ಪೊಟ್ಟಣ ಹಿಡಿದು ಅದೇ ಕಡಲನ್ನು ನೋಡಿ ಮದುವೆ ನಿಶ್ಚಯಿಸಿಕೊಂಡವರೂ ಅಷ್ಟೇ ಇದ್ದಾರೆ. ಈಗ ನಡುವಿನವರ ಸರದಿ. ಅವರಿಗಾಗಿ ಹೋಟೆಲುಗಳು ಗುಲಾಬಿ ಎಸಳು, ಮೇಣದ ಬತ್ತಿ, ಹೃದಯದ ಆಕಾರದ ಕೇಕು ಎಲ್ಲ ಸೇರಿಸಿ ‘ಪ್ಯಾಕೇಜ್’ ಮಾಡಿ ಇಟ್ಟಿವೆ. ನನ್ನ ಮಟ್ಟಿಗೆ ಅದು ದುಡ್ಡು ದಂಡ. ಕಡಲ ಗಾಳಿಗೆ ಮೇಣದ ಬತ್ತಿ ನಿಲ್ಲುವುದಿಲ್ಲ, ಮಂದ ಬೆಳಕಿನಲ್ಲಿ ಮುಳ್ಳು ಕಾಣುವುದಿಲ್ಲ. ಮೀನು ತಿನ್ನುವವರಿಗೆ ಬೇಕಾದದ್ದು ಟ್ಯೂಬ್‌ಲೈಟು.

ಪಂಚಾಂಗ ಈ ಊಟಕ್ಕೆ ಕೊಡುವ ಕಾಟ ಬೇರೆಯೇ ಇದೆ. ಮೊದಲನೆಯದು ಸರ್ಕಾರದ ಪಂಚಾಂಗ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆಯಿಡುವ ಕಾಲವೆಂದು. ಆ ಎರಡು ತಿಂಗಳು ತಟ್ಟೆಗೆ ಬರುವುದು ಬಹುಮಟ್ಟಿಗೆ ಐಸಿನಲ್ಲಿಟ್ಟದ್ದು. ಮೇ ತಿಂಗಳಿನಲ್ಲೇ ಮದುವೆ ಮಾಡಿಟ್ಟ ಹಿರಿಯರು ಆ ಮಟ್ಟಿಗೆ ಉಪಕಾರ ಮಾಡಿದ್ದಾರೆ. ಎರಡನೆಯದು ಮರಾಠಿ ಪಂಚಾಂಗ. ಸಂಕಷ್ಟಿಯ ದಿನ ಟಿಟ್ವಾಳಾದಲ್ಲಿ ಮೀನಿನ ಮಾತೆತ್ತುವಂತಿಲ್ಲ. ಅದು ಮಂಗಳವಾರ ಬಿದ್ದು ಅಂಗಾರಕಿಯಾದರಂತೂ ಊರಿಗೆ ಊರೇ ಸಾಲಿನಲ್ಲಿ ನಿಂತಿರುತ್ತದೆ, ಚಂದ್ರ ಕಾಣುವ ತನಕ ಊಟವಿಲ್ಲ. ಮೂರನೆಯದು ಶ್ರಾವಣ. ಇಲ್ಲಿಯ ಕೋಳಿ ಸಮುದಾಯದ ಬೆಸ್ತರು ನಾರಳೀ ಪೌರ್ಣಮಿಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವ ತನಕ ಅವರ ಕಡಲು ತೆರೆಯುವುದಿ‌ಲ್ಲ.

ಆಷಾಢದ ಅಮಾವಾಸ್ಯೆಯ ತಮಾಷೆಯನ್ನಂತೂ ಹೇಳಲೇಬೇಕು. ಹಳೆ ಮೈಸೂರಿನ ಕಡೆಯ ಮನೆಯಲ್ಲಿ ಅದು ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದಪೂಜೆ ಮಾಡುತ್ತಾಳೆ. ಮಹಾರಾಷ್ಟ್ರದಲ್ಲಿ ದೀಪಗಳನ್ನು ತೊಳೆದು ಪೂಜಿಸುವ ದಿನ. ಅದೇ ದಿನಕ್ಕೆ ಗಟಾರಿ ಎಂಬ ಪೋಲಿ ಹೆಸರೂ ಇದೆ: ಶ್ರಾವಣ ಹಿಡಿಯುವ ಮೊದಲು ಮೀನು, ಮಾಂಸ, ಗುಂಡು ಎಲ್ಲವನ್ನೂ ಮನಸಾರೆ ಮುಗಿಸಿಬಿಡುವುದು. ತುಳುನಾಡಿನವರಿಗೆ ಆಟಿ ಅಮಾವಾಸ್ಯೆ, ಬೆಳಗ್ಗೆ ಎದ್ದು ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯಬೇಕು. ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಒಬ್ಬ ಗಂಡನ ಕಾಲಿಗೆ ಹೂವು, ಇನ್ನೊಬ್ಬನ ಬಾಯಿಗೆ ಕಷಾಯ, ಮೂರನೆಯವನ ಕೈಯಲ್ಲಿ ಕೋಳಿಯ ಚೀಲ. ಆಟಿಯಲ್ಲಿ ನಮ್ಮಲ್ಲಿ ಮದುವೆಯೂ ಇಲ್ಲ, ಹೊಸ ಸೊಸೆ ತವರಿಗೆ ಹೋಗುವ ತಿಂಗಳದು. ಹಾಗಾಗಿ ಆ ದಿನ ಯಾರ ಮದುವೆ ದಿನವೂ ಬೀಳುವುದಿಲ್ಲ ಎಂಬುದೊಂದು ಸಮಾಧಾನ.

ಬಿಲ್ಲು ಬಂತು. ಮಗ ಕೈಚಾಚುವ ಮೊದಲೇ ಅಣ್ಣ ಕನ್ನಡಕ ಹಾಕಿ ಮೇಲಿನಿಂದ ಕೆಳಗೆ ಓದಿದರು, ಬಾಯಲ್ಲೇ ಕೂಡಿಸಿದರು, ನೀರುದೋಸೆ ಒಂದು ಪ್ಲೇಟು ಹೆಚ್ಚು ಹಾಕಿದ್ದನ್ನು ಹಿಡಿದರು. ಹುಡುಗ ತಿದ್ದಿಸಿ ತಂದ. ತಪ್ಪು ಹಿಡಿದದ್ದಕ್ಕೆ ಎಷ್ಟು ಉಳಿಯಿತೋ ಅದರ ಮೇಲೆ ಇನ್ನಷ್ಟು ಸೇರಿಸಿ ಅವನ ಕೈಗೇ ಟಿಪ್ಸ್ ಕೊಟ್ಟರು. ಗಲ್ಲೆಯ ಡಬ್ಬಿಗೆ ಹಾಕಬೇಡ, ಕಿಸೆಗೆ ಹಾಕು ಎಂದು ಮೆಲ್ಲಗೆ ಹೇಳಿದ್ದು ನಮಗೂ ಕೇಳಿಸಿತು.

ಐಸ್‌ಕ್ರೀಮ್ ಮಾತ್ರ ಇಲ್ಲಿ ಬೇಡ ಎಂದವರೂ ಅವರೇ. ಜುಹೂಗೆ ಬಂದು ನ್ಯಾಚುರಲ್ಸ್ ತಿನ್ನದೆ ಹೋಗುವುದುಂಟೇ? ಮೂಲ್ಕಿಯಲ್ಲಿ ಹಣ್ಣು ಮಾರುತ್ತಿದ್ದವರ ಮಗ ರಘುನಂದನ ಕಾಮತರು ಮುಂಬೈಗೆ ಬಂದು ತಮ್ಮ ಸ್ವಂತ ಅಣ್ಣನ ಹೋಟೆಲಿನಲ್ಲಿ ದುಡಿದು, 1984ರ ಫೆಬ್ರವರಿ 14ರಂದು ಈ ಜುಹೂವಿನಲ್ಲೇ ಮೊದಲ ಅಂಗಡಿ ತೆರೆದರು. ಪ್ರೇಮಿಗಳ ದಿನವೆಂಬುದು ಇಲ್ಲಿ ಇನ್ನೂ ಹೆಸರು ಮಾಡಿರದ ಕಾಲ. ಬರೀ ಐಸ್‌ಕ್ರೀಮಿಗೆ ಜನ ಬರುವುದಿಲ್ಲವೆಂದು ಖಾರದ ಪಾವ್‌ಭಾಜಿಯನ್ನೂ ಇಟ್ಟರು. ಬಾಯಿ ಉರಿದವರು ತಂಪಿಗೆ ಬಂದರು. ಮುಂದೆ ಪಾವ್‌ಭಾಜಿ ಹೋಯಿತು, ಎಳನೀರಿನ ಐಸ್‌ಕ್ರೀಮ್ ಉಳಿಯಿತು. ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಎಳನೀರಿನ ತಿರುಳು ಹಲ್ಲಿಗೆ ಸಿಕ್ಕಾಗ ಅತ್ತಿಗೆಯ ಮುಖ ನೋಡಿದ ಅಣ್ಣ ‘ಇನ್ನೊಂದ್ ಹೇಳ್ಲಾ?’ ಎಂದರು. ಇಡೀ ಸಂಜೆಯಲ್ಲಿ ಅವರು ಹೆಂಡತಿಗೆಂದು ಕೇಳಿದ ಆರ್ಡರು ಅದೊಂದೇ. ಅತ್ತಿಗೆ ಬೇಡವೆನ್ನಲಿಲ್ಲ.

ವಾಪಸು ಬರುವಾಗ ಘಾಟ್ಕೋಪರಿನಲ್ಲಿ ಕಸಾರಾ ಲೋಕಲ್ ಸಿಕ್ಕಿತು, ಆ ಹೊತ್ತಿಗೂ ಕೂರಲು ಜಾಗವಿಲ್ಲ. ಬಾಗಿಲ ಬಳಿ ನಿಂತ ಹುಡುಗರ ಕೈಯಲ್ಲಿ ಹೋಟೆಲಿನ ಪಾರ್ಸಲ್ಲು, ಮೈಯಲ್ಲಿ ಮಸಾಲೆಯ ವಾಸನೆ. ಶಟರ್ ಎಳೆದು ಹೊರಟ ಸಪ್ಲಾಯರುಗಳು. ಠಾಣೆ ದಾಟಿದ ಮೇಲೆ ಅವರಲ್ಲೊಬ್ಬ ಎದ್ದು ಅತ್ತಿಗೆಗೆ ಸೀಟು ಕೊಟ್ಟ. ಅಣ್ಣ ಅವನನ್ನು ಯಾವ ಹೋಟೆಲು, ಎಷ್ಟು ಪಗಾರ, ಊರಿಗೆ ಯಾವಾಗ ಹೋಗುತ್ತಿ ಎಂದು ಡೊಂಬಿವಲಿ ತನಕ ವಿಚಾರಿಸಿಕೊಂಡರು. ಅವನಿಗೆ ಮದುವೆಯಾಗಿ ಒಂದು ವರ್ಷ, ಹೆಂಡತಿ ಊರಲ್ಲಿ. ದಿನಾ ರಾತ್ರಿ ವಿಡಿಯೊ ಕಾಲಿನಲ್ಲಿ ಮಾತಾಡುತ್ತಾನಂತೆ. ಟಿಟ್ವಾಳಾದ ಬಾಡಿಗೆ ಎಷ್ಟು ಎಂದು ಅವನು ಕೇಳಿದ, ಅತ್ತಿಗೆ ಲೆಕ್ಕ ಹೇಳಿದರು.

ಹೊಸ ವರ್ಷದ ಕಾಲನಿರ್ಣಯ ಕ್ಯಾಲೆಂಡರು ಮನೆಗೆ ಬಂದ ದಿನ ಅತ್ತಿಗೆ ಮೊದಲು ತಿರುಗಿಸಿದ್ದು ಮೇ ತಿಂಗಳ ಹಾಳೆಯನ್ನು. ಅವರ ದಿನ ಮಂಗಳವಾರ ಬಿದ್ದಿತ್ತು, ಮೇಲೆ ಸಂಕಷ್ಟಿಯ ಗುರುತು. ಅಂಗಾರಕಿ. ಮೀನು ಮುಟ್ಟುವಂತಿಲ್ಲ, ಆ ಜನಸಾಗರದಲ್ಲಿ ಟಿಟ್ವಾಳಾ ಸ್ಟೇಷನ್ ಸೇರುವಂತೆಯೂ ಇಲ್ಲ. ಮಾಟುಂಗಾಕ್ಕೆ ಹೋಗಿ ಬಾಳೆಲೆಯಲ್ಲಿ ಉಂಡರಾಯಿತು ಎಂದ ಮಗ. ಅಣ್ಣ ಒಪ್ಪಲಿಲ್ಲ. ‘ಬುಧವಾರ ಹೋಪ’ ಎಂದವರು, ಸ್ವಲ್ಪ ಹೊತ್ತು ಬಿಟ್ಟು ಮಗನನ್ನು ಕೇಳಿದರು: ‘ಆ ಕಿಟಕಿ ಬದಿ ಟೇಬಲ್ಲೇ ಸಿಕ್ಕತ್ತಾ?’